ಮೆನು: ಕುಗ್ಗಿ ಹಿಗ್ಗಿದ ಪದ

ಕನ್ನಡಿಗರ ಬಾಯಲ್ಲಿ ‘ಮೆನು’ವಿಗೆ ಈಗ ಎರಡು ಸಂಸಾರ. ಒಂದು ಹೋಟೆಲು, ಛತ್ರಗಳಲ್ಲಿ, ಇನ್ನೊಂದು ಕಂಪ್ಯೂಟರಿನಲ್ಲಿ. ಎರಡೂ ಕಡೆ ಅದರ ಮಕ್ಕಳ ಹೆಸರು ‘ಐಟಂ’. ಮದುವೆಗೆ ಎಷ್ಟು ಐಟಂ ಹಾಕಿಸೋಣ ಎಂದು ಅಡುಗೆಯವರು ಕೇಳುತ್ತಾರೆ. ಫೈಲ್ ಮೆನುವಿನಲ್ಲಿ ಮೂರನೇ ಐಟಂ ಒತ್ತಿ ಎಂದು ಕಂಪ್ಯೂಟರ್ ಕಲಿಸುವವರು ಹೇಳುತ್ತಾರೆ. ಎರಡೂ ಸಂಸಾರಕ್ಕೆ ಒಂದೇ ತಾಪತ್ರಯ: ಹೆಸರು ಪಟ್ಟಿಯಲ್ಲಿದೆ, ಕೇಳಿದರೆ ಸಿಗುವುದಿಲ್ಲ. ಹೋಟೆಲಿನಲ್ಲಿ ಇದಕ್ಕೆ ‘ಖಾಲಿ’ ಎನ್ನುತ್ತಾರೆ. (ದೋಸೆ ಖಾಲಿ ಎಂದರೆ ನಿರಾಸೆ, ಖಾಲಿ ದೋಸೆ ಎಂದರೆ ತಿಂಡಿ. ಹೊರಗಿನವರಿಗೆ ಇದನ್ನು ತಿಳಿಸಿ ಹೇಳುವುದು ಕಷ್ಟ.) ಕಂಪ್ಯೂಟರಿನಲ್ಲಾದರೆ ಅಕ್ಷರ ಮಂಕಾಗುತ್ತದೆ. ಪ್ರೋಗ್ರಾಂ ಬರೆದವರು ‘ಡಿಸೇಬಲ್ ಮಾಡಿದ್ದೇವೆ’ ಎನ್ನುತ್ತಾರೆ, ಬಳಸುವವರು ‘ಗ್ರೇ ಆಗಿದೆ’ ಎನ್ನುತ್ತಾರೆ, ಡಿಟಿಪಿ ಅಂಗಡಿಯ ಹುಡುಗ ‘ಪೇಸ್ಟ್ ಬರ್ತಿಲ್ಲ ಸಾರ್’ ಎಂದು ಸುಮ್ಮನಾಗುತ್ತಾನೆ.

ಹೀಗೆ ಇದ್ದೂ ಇಲ್ಲದಂತೆ ಕುಗ್ಗುವ ಗುಣ ‘ಮೆನು’ ಎಂಬ ಪದದ ಹೊಟ್ಟೆಯಲ್ಲೇ ಮೊದಲಿನಿಂದ ಇತ್ತು. ಕಂಪ್ಯೂಟರಿಗೆ ಬರುವ ಎಷ್ಟೋ ಶತಮಾನ ಮೊದಲೇ ಇತ್ತು.

ಲ್ಯಾಟಿನ್ನಿನಲ್ಲಿ ‘ಮಿನುವೆರೆ’ ಎಂದರೆ ಕುಗ್ಗಿಸು, ಕಡಿಮೆ ಮಾಡು. ಹಾಗೆ ಕುಗ್ಗಿಸಿದ್ದು ‘ಮಿನೂತುಸ್’. ಅದು ಫ್ರೆಂಚರ ನಾಲಗೆಯ ಮೇಲೆ ಸವೆಯುತ್ತ ಬಂದು, ಕೊನೆಯ ‘ಉಸ್’ ಉದುರಿ, ಅದರ ಹಿಂದಿನ ತಕಾರವೂ ಉದುರಿ ‘ಮೆನು’ ಆಯಿತು. ಕುಗ್ಗಿದ್ದು ಎಂಬ ಅರ್ಥದ ಪದ ತಾನೂ ಕುಗ್ಗಿಯೇ ಉಳಿಯಿತು. ಸಂಸ್ಕೃತದ ‘ಮೀಯತೇ’, ಅಂದರೆ ಕ್ಷೀಣಿಸುತ್ತದೆ ಎಂಬ ರೂಪವೂ ಇದೇ ಮೂಲದ್ದೆಂದು ಭಾಷಾವಿಜ್ಞಾನಿಗಳು ಗುರುತಿಸುತ್ತಾರೆ.

ಈ ವಂಶದವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ, ಇಂಗ್ಲಿಷಿನ ವೇಷದಲ್ಲಿ. ಗಂಟೆಯನ್ನು ಕುಗ್ಗಿಸಿದ ಮೊದಲ ಪಾಲು ‘ಮಿನಿಟ್’. ಎರಡನೇ ಸಲ ಕುಗ್ಗಿಸಿದ್ದು ‘ಸೆಕೆಂಡ್’, ಎರಡನೆಯದು ಎಂದಷ್ಟೇ ಅದರ ಅರ್ಥ. ಸಭೆಯ ನಡಾವಳಿಯನ್ನು ಕಚೇರಿಗಳಲ್ಲಿ ‘ಮಿನಿಟ್ಸ್’ ಎನ್ನುವುದೂ ಸಣ್ಣ ಬರಹ ಎಂಬ ಅರ್ಥದಿಂದ ಬಂದದ್ದು. ಲೆಕ್ಕದ ‘ಮೈನಸ್’, ಕಾನೂನಿನ ‘ಮೈನರ್’ ಇವೆರಡೂ ಒಡಹುಟ್ಟಿದವು. ತಮಾಷೆ ಇರುವುದು ‘ಮಿನಿಸ್ಟರ್’ನಲ್ಲಿ. ಲ್ಯಾಟಿನ್ನಿನಲ್ಲಿ ಕಿರಿಯ, ಸೇವಕ ಎಂದು ಅದರ ಅರ್ಥ, ‘ಮಿನುಸ್’ನಿಂದ ಹುಟ್ಟಿದ್ದು. ಅದಕ್ಕೆ ಎದುರಾಗಿ ‘ಮಾಗಿಸ್’, ಅಂದರೆ ಹೆಚ್ಚು ಎಂಬುದರಿಂದ ‘ಮಾಗಿಸ್ತೆರ್’ ಹುಟ್ಟಿತು. ಅದು ಇಂಗ್ಲಿಷಿನಲ್ಲಿ ಮಾಸ್ಟರ್ ಆಗಿ, ನಮ್ಮಲ್ಲಿ ಮೇಷ್ಟ್ರು ಆಯಿತು. ವ್ಯುತ್ಪತ್ತಿಯ ಲೆಕ್ಕದಲ್ಲಿ ಮಿನಿಸ್ಟರಿಗಿಂತ ಮೇಷ್ಟ್ರು ದೊಡ್ಡವರು. ವರ್ಗಾವಣೆಯ ಅರ್ಜಿ ಹಿಡಿದು ನಿಂತ ಮೇಷ್ಟ್ರುಗಳಿಗೆ ಇದರಿಂದ ಏನೂ ಉಪಯೋಗವಿಲ್ಲ ಎನ್ನುವುದು ಬೇರೆ ಮಾತು. ಮಿನಿಬಸ್ಸಿನ ‘ಮಿನಿ’ಯನ್ನು ಮಾತ್ರ ಈ ವಂಶಕ್ಕೆ ಸೇರಿಸಬಾರದು. ಅದು ‘ಮಿನಿಯೇಚರ್’ನ ತುಂಡು, ಅದರ ಮೂಲ ‘ಮಿನಿಯಂ’ ಎಂಬ ಕೆಂಪು ಬಣ್ಣ. ಹಸ್ತಪ್ರತಿಗಳಲ್ಲಿ ಕೆಂಪು ಬಳಿದು ಬಿಡಿಸಿದ ಚಿತ್ರಗಳು ಸಣ್ಣವಾಗಿದ್ದುದರಿಂದ ಪದಕ್ಕೂ ಸಣ್ಣದು ಎಂಬ ಅರ್ಥ ಅಂಟಿಕೊಂಡಿತು.

ಫ್ರೆಂಚಿನಲ್ಲಿ ‘ಮೆನು’ ಬಹುಕಾಲ ಬರೀ ಗುಣವಾಚಕವಾಗಿತ್ತು: ಸಣ್ಣ, ತೆಳು, ಚಿಲ್ಲರೆ. ‘ಮೆನು ಪೆಪ್ಲ್’ ಎಂದರೆ ಸಣ್ಣ ಜನ, ಬಡಬಗ್ಗರು. ಅರಸರ ಸಣ್ಣಪುಟ್ಟ ಮೋಜುಗಳಿಗೆ ‘ಮೆನು ಪ್ಲೆಸೀರ್’ ಎಂದು ಹೆಸರು. ಆ ಹೆಸರಿನಲ್ಲಿ ಅರಮನೆಯ ಒಂದು ಇಲಾಖೆಯೇ ಇತ್ತು. ಉತ್ಸವ, ಸಮಾರಂಭ, ನಾಟಕದ ರಂಗಸಜ್ಜಿಕೆ ಎಲ್ಲ ಅದರ ಕೆಲಸ. ವರ್ಸೇಲ್ಸಿನಲ್ಲಿ ಆ ಇಲಾಖೆಯ ಕಟ್ಟಡದಲ್ಲೇ 1789ರ ಮೇ 5ರಂದು ಪಾದ್ರಿಗಳು, ಕುಲೀನರು, ಜನಸಾಮಾನ್ಯರು ಎಂಬ ಮೂರೂ ವರ್ಗಗಳ ಮಹಾಸಭೆ ಸೇರಿತು. ಜೂನ್ 20ರ ಬೆಳಗ್ಗೆ ಮೂರನೇ ವರ್ಗದ ಪ್ರತಿನಿಧಿಗಳು ಬಂದು ನೋಡಿದರೆ ಸಭಾಂಗಣದ ಬಾಗಿಲಿಗೆ ಬೀಗ. ಅರಸನೇ ಬರುವ ಸಭೆಗೆ ಒಳಗೆ ಸಿದ್ಧತೆ ನಡೆದಿದೆ ಎಂಬುದು ಕೊಟ್ಟ ಕಾರಣ. ಅವರು ನೆಟ್ಟಗೆ ಹತ್ತಿರದ ಟೆನಿಸ್ ಅಂಗಳಕ್ಕೆ ಹೋಗಿ, ಸಂವಿಧಾನ ಆಗುವ ತನಕ ಚದುರುವುದಿಲ್ಲ ಎಂದು ಪ್ರತಿಜ್ಞೆ ಮಾಡಿದರು. ಬಾಗಿಲು ಕಣ್ಣೆದುರಿಗೇ ಇದೆ, ತೆರೆಯುವುದಿಲ್ಲ. ಕೊಟ್ಟ ಕಾರಣ ಯಾರಿಗೂ ನಂಬಿಕೆ ಬರುವಂಥದ್ದಲ್ಲ. ಮಂಕಾದ ಐಟಂನ ಮುಂದೆ ಕೂತು ಸಿಟ್ಟಾಗುವವರಿಗೆ ಚರಿತ್ರೆಯಲ್ಲಿ ಇಷ್ಟು ದೊಡ್ಡ ಹಿರಿಯರಿದ್ದಾರೆ.

ಅಡುಗೆಮನೆಗೆ ಈ ಪದ ಹೋದದ್ದು ‘ವಿವರ’ ಎಂಬ ಅರ್ಥದ ಮೂಲಕ. ಸಣ್ಣಸಣ್ಣದನ್ನೂ ಬಿಡದೆ ಹೇಳುವುದಕ್ಕೆ ಫ್ರೆಂಚಿನಲ್ಲಿ ‘ಪಾರ್ ಲ ಮೆನು’ ಎನ್ನುತ್ತಾರೆ. ಹಾಗೆ ಒಂದು ಊಟದ ಎಳೆಎಳೆಯ ವಿವರ ‘ಊಟದ ಮೆನು’ ಆಯಿತು, ಆಮೇಲೆ ‘ಊಟದ’ ಉದುರಿತು. ಇಂಗ್ಲಿಷಿಗೆ ಇದು ದಾಟಿದ್ದು 1830ರ ದಶಕದಲ್ಲಿ. ಹತ್ತೊಂಬತ್ತನೇ ಶತಮಾನದ ಯೂರೋಪಿನಲ್ಲಿ ಬಡಿಸುವ ಪದ್ಧತಿಯೂ ಬದಲಾಗುತ್ತಿತ್ತು. ಹಳೆಯ ಫ್ರೆಂಚ್ ಪದ್ಧತಿಯಲ್ಲಿ ಭಕ್ಷ್ಯಗಳನ್ನೆಲ್ಲ ಒಟ್ಟಿಗೇ ಮೇಜಿನ ಮೇಲೆ ಹರಡುತ್ತಿದ್ದರು. ಕಣ್ಣಿಗೆ ಬೀಳುವುದಕ್ಕೆ ಪಟ್ಟಿ ಯಾಕೆ? ರಷ್ಯನ್ ಪದ್ಧತಿ ಬಂದು ಒಂದಾದ ಮೇಲೊಂದು ಬಡಿಸತೊಡಗಿದಾಗ ಮುಂದೇನು ಬರುತ್ತದೆ ಎಂದು ತಿಳಿಸುವ ಚೀಟಿ ಬೇಕಾಯಿತು. ಪಾಯಸಕ್ಕೆ ಹೊಟ್ಟೆಯಲ್ಲಿ ಎಷ್ಟು ಜಾಗ ಉಳಿಸಿಕೊಳ್ಳಬೇಕು ಎಂಬ ಪ್ರಶ್ನೆ ಎಲ್ಲ ದೇಶದವರಿಗೂ ಇದೆ.

ಇಲ್ಲಿ ಒಂದು ಸಣ್ಣ ವಕ್ರತೆ. ಇವತ್ತಿನ ಫ್ರಾನ್ಸಿನ ಹೋಟೆಲಿನಲ್ಲಿ ಬೇಕಾದ್ದನ್ನು ಆರಿಸಿಕೊಳ್ಳುವ ಪಟ್ಟಿಯನ್ನು ‘ಕಾರ್ತ್’ ಎನ್ನುತ್ತಾರೆ. ‘ಮೆನು’ ಎಂದರೆ ಒಂದೇ ಬೆಲೆಗೆ ಮೊದಲೇ ಗೊತ್ತು ಮಾಡಿಟ್ಟ ಊಟ, ನಮ್ಮ ‘ಮೀಲ್ಸ್’ ಇದ್ದ ಹಾಗೆ. ಆ ಲೆಕ್ಕದಲ್ಲಿ ಕಂಪ್ಯೂಟರಿನ ಮೆನುವನ್ನು ‘ಕಾರ್ತ್’ ಎನ್ನಬೇಕಿತ್ತು. ಕನ್ನಡಿಗರು ಮದುವೆಯ ‘ಮೆನು’ ಎನ್ನುವಾಗ ಮಾತ್ರ ಗೊತ್ತಿಲ್ಲದೆಯೇ ಅಪ್ಪಟ ಫ್ರೆಂಚ್ ಅರ್ಥದಲ್ಲಿ ಮಾತಾಡುತ್ತಾರೆ. ಎಲೆಯ ಮುಂದೆ ಕೂತ ನೆಂಟನಿಗೆ ಅಲ್ಲಿ ಆಯ್ಕೆಯ ಪ್ರಶ್ನೆಯೇ ಇಲ್ಲ. ಬೇಡ ಎಂದು ಕೈ ಅಡ್ಡ ಹಿಡಿಯುವುದಷ್ಟೇ ಅವನ ಸ್ವಾತಂತ್ರ್ಯ.

ಕನ್ನಡಕ್ಕೆ ಬಂದಾಗ ಈ ಪದಕ್ಕೆ ಒಂದು ಅದೃಷ್ಟ ಒದಗಿತು. ‘ಫೈಲ್’, ‘ಬಸ್’ ಮುಂತಾದವು ಕನ್ನಡದಲ್ಲಿ ನಿಲ್ಲಲು ಕೊನೆಗೊಂದು ಉಕಾರದ ಊರುಗೋಲು ಬೇಕು: ಫೈಲು, ಬಸ್ಸು. ವಿಭಕ್ತಿ ಹತ್ತಿದ ಕೂಡಲೇ ಆ ಉಕಾರ ಬಿದ್ದುಹೋಗುತ್ತದೆ: ಫೈಲಿನಲ್ಲಿ, ಬಸ್ಸಿಗೆ. ‘ಮೆನು’ ಉಕಾರವನ್ನು ಹುಟ್ಟಿನಿಂದಲೇ ತಂದಿತ್ತು. ಎರಡು ಹ್ರಸ್ವಾಕ್ಷರದ ಪುಟ್ಟ ಮೈ ಬೇರೆ. ಹೀಗಾಗಿ ಹಸುವಿನ, ಕರುವಿಗೆ, ಮಗುವಿನಲ್ಲಿ ಎಂಬ ಸಾಲಿನಲ್ಲೇ ಮೆನುವಿನ, ಮೆನುವಿಗೆ, ಮೆನುವಿನಲ್ಲಿ ಎಂದು ಸಲೀಸಾಗಿ ಕೂತುಬಿಟ್ಟಿತು. ‘ಮೆನ್ಯೂ’ ಎಂದು ಎಳೆದು ಬರೆಯುವವರು ಈ ಅನುಕೂಲವನ್ನು ಕಳೆದುಕೊಳ್ಳುತ್ತಾರೆ. ಬದಲಿ ಪದಗಳಿಗೇನು ಬರವಿರಲಿಲ್ಲ. ‘ಪಟ್ಟಿ’ ಇತ್ತು. ಉತ್ತರ ಕರ್ನಾಟಕದಲ್ಲಿ ‘ಯಾದಿ’ ಇತ್ತು; ಪಾರ್ಸಿಯಲ್ಲಿ ‘ಯಾದ್’ ಎಂದರೆ ನೆನಪು, ಮರೆಯದಿರಲೆಂದು ಬರೆದಿಟ್ಟದ್ದು ಯಾದಿ. ಕನ್ನಡಕ್ಕೆ ತಂದ ತಂತ್ರಾಂಶಗಳಲ್ಲಿ ಕೆಲವು ಅನುವಾದಕರು ‘ಪರಿವಿಡಿ’ಯನ್ನು ಒಗ್ಗಿಸಲು ನೋಡಿದರು. ಪುಸ್ತಕದ ಮೊದಲ ಪುಟಗಳಲ್ಲಿ ಅದು ಎಷ್ಟು ಸೊಗಸೋ ಪರದೆಯ ಮೇಲೆ ಅಷ್ಟೇ ಬಿಗಿಯಾಗಿ ಕಾಣುತ್ತದೆ. ‘ಪಟ್ಟಿ’ಗೆ ಇನ್ನೊಂದು ತೊಡಕು: ಮೆನು ಬಾರ್ ಎಂಬ ಉದ್ದನೆಯ ಅಡ್ಡಸಾಲಿಗೂ ‘ಪಟ್ಟಿ’ಯೇ ಬೇಕು, ಅದರಿಂದ ಇಳಿಯುವ ಹೆಸರುಗಳ ಸಾಲಿಗೂ ‘ಪಟ್ಟಿ’ಯೇ ಬೇಕು. ಜನ ಮೆನು ಎಂದೇ ಉಳಿಸಿಕೊಂಡರು, ಸರಿಯಾಗಿಯೇ ಮಾಡಿದರು.

ಐಟಂನ ಕತೆ ಚಿಕ್ಕದು. ಲ್ಯಾಟಿನ್ನಿನಲ್ಲಿ ‘ಐಟಂ’ ಹೆಸರೇ ಅಲ್ಲ, ‘ಹಾಗೆಯೇ’, ‘ಅಲ್ಲದೆ’ ಎನ್ನುವ ಅವ್ಯಯ. ಆಸ್ತಿಯ ಪಟ್ಟಿ, ಮರಣಶಾಸನಗಳಲ್ಲಿ ಪ್ರತಿ ಸಾಲಿನ ಮೊದಲು ‘ಹಾಗೆಯೇ ಎರಡು ಹಸು, ಹಾಗೆಯೇ ಒಂದು ಹಂಡೆ’ ಎಂದು ಬರೆಯುತ್ತ ಬರೆಯುತ್ತ ಆ ‘ಹಾಗೆಯೇ’ ಎಂಬುದೇ ವಸ್ತುವಿನ ಹೆಸರಾಗಿಬಿಟ್ಟಿತು. ‘ಎಷ್ಟು ಐಟಂ?’ ಎಂದು ಕೇಳುವುದು ಮೂಲದಲ್ಲಿ ‘ಎಷ್ಟು ಹಾಗೆಯೇ?’ ಎಂದು ಕೇಳಿದಂತೆ.

ಕಂಪ್ಯೂಟರಿನಲ್ಲಿ ಮೆನು ಮೊದಲು ಬಂದದ್ದು ಸಂಖ್ಯೆ ಹಾಕಿದ ಸಾಲುಗಳಾಗಿ. 1970ರ ದಶಕದ ಆರಂಭಕ್ಕೆ ಈ ಅರ್ಥ ಬಳಕೆಯಲ್ಲಿತ್ತು. ಒಂದು ಒತ್ತಿದರೆ ಸೇರಿಸು, ಎರಡು ಒತ್ತಿದರೆ ಅಳಿಸು, ಮೂರು ಒತ್ತಿದರೆ ಹೊರಗೆ. ಆ ಹಳೆಯ ಮೆನು ಇನ್ನೂ ಉಸಿರಾಡುತ್ತಿರುವ ಜಾಗವೊಂದು ಕರ್ನಾಟಕದಲ್ಲೇ ಇದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಡೇಟಾ ಸ್ಟ್ರಕ್ಚರ್ಸ್ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳು ಸಿ ಭಾಷೆಯಲ್ಲಿ ‘ಮೆನು ಡ್ರಿವನ್’ ಪ್ರೋಗ್ರಾಂ ಬರೆಯುತ್ತಾರೆ. ಒಂದರ ಮೇಲೊಂದು ಪೇರಿಸಿಡುವ ಸ್ಟ್ಯಾಕಿನ ಪ್ರೋಗ್ರಾಮಿನಲ್ಲಿ ‘ಪುಶ್’ (ಪೇರಿಸು), ‘ಪಾಪ್’ (ಮೇಲಿನದನ್ನು ತೆಗೆ), ‘ಎಕ್ಸಿಟ್’ ಎಂದು ಸಾಲಾಗಿ ಅಚ್ಚಾಗುತ್ತವೆ. ಸ್ಟ್ಯಾಕಿನಲ್ಲಿ ಏನೂ ಇಲ್ಲದಾಗ ಪಾಪ್ ಒತ್ತಿದರೆ? ಮೆನು ಪಾಪ್ ಎಂಬ ಸಾಲನ್ನು ಮಂಕಾಗಿಸುವುದಿಲ್ಲ, ಅದಕ್ಕೆ ಆ ವಿದ್ಯೆ ಗೊತ್ತಿಲ್ಲ. ಒತ್ತಿಸಿಕೊಂಡ ಮೇಲೆ ‘ಸ್ಟ್ಯಾಕ್ ಅಂಡರ್‌ಫ್ಲೋ’ ಎಂದು ಹೇಳುತ್ತದೆ. ಅಂದರೆ ಹೋಟೆಲಿನವರ ಹಾಗೆ, ಕೇಳಿದ ಮೇಲೆ ‘ಖಾಲಿ’ ಎನ್ನುತ್ತದೆ. ಈ ಬಡ ಮೆನುವನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಚಿತ್ರಪರದೆಯ ಮೆನು ಹುಟ್ಟಿದ್ದು ಕ್ಯಾಲಿಫೋರ್ನಿಯಾದಲ್ಲಿ. ಜೆರಾಕ್ಸ್ ಕಂಪನಿಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿ 1970ರ ದಶಕದಲ್ಲಿ ಮೌಸ್ ಒತ್ತಿದಲ್ಲೇ ಚಿಮ್ಮುವ ಮೆನುಗಳನ್ನು ಮಾಡಿದ್ದರು. ಮೇಲಿನಿಂದ ಕೆಳಗಿಳಿಯುವ ಮೆನುವನ್ನು ಜನರ ಕೈಗೆ ತಲುಪಿಸಿದ್ದು ಆ್ಯಪಲ್ಲಿನ ‘ಲೀಸಾ’ ಕಂಪ್ಯೂಟರ್, 1983ರ ಜನವರಿಯಲ್ಲಿ. ಅದರ ಬೆಲೆ 9,995 ಡಾಲರ್. ಹಾಗಾಗಿ ‘ಜನರ ಕೈಗೆ’ ಎಂದದ್ದು ಸ್ವಲ್ಪ ಅತಿಯಾಯಿತು. ಆ್ಯಪಲ್ಲಿನ ಪ್ರೋಗ್ರಾಮರ್ ಬಿಲ್ ಅಟ್ಕಿನ್ಸನ್ ಅದರ ಮೆನುಗಳನ್ನು ಮೊದಲು ಪ್ರತಿ ಕಿಟಕಿಗೂ ಬೇರೆಬೇರೆ ಕೂರಿಸಿ ನೋಡಿ, ಕೊನೆಗೆ ಪರದೆಯ ನೆತ್ತಿಗೆ ಒಂದೇ ಸಾಲಾಗಿ ತಂದರು. ಮುಂದಿನ ವರ್ಷ ಜನವರಿ 24ಕ್ಕೆ ‘ಮ್ಯಾಕಿಂಟಾಶ್’ ಬಂತು, ಅದೇ ಮೆನು ಹೊತ್ತು.

ಮ್ಯಾಕಿಂಟಾಶ್ ಪರದೆಗೆ ಇದ್ದದ್ದು 512 ಅಡ್ಡ, 342 ಉದ್ದ ಚುಕ್ಕೆ. ಪ್ರತಿ ಚುಕ್ಕೆಗೆ ಎರಡೇ ಸ್ಥಿತಿ, ಕಪ್ಪು ಅಥವಾ ಬಿಳಿ. ಬೂದು ಬಣ್ಣ ಎಂಬುದೇ ಅಲ್ಲಿರಲಿಲ್ಲ. ಹಾಗಾದರೆ ‘ಗ್ರೇ’ ಆಗುತ್ತಿದ್ದದ್ದು ಹೇಗೆ? ಕ್ವಿಕ್‌ಡ್ರಾ ಎಂಬ ಚಿತ್ರವಿಧಾನದಲ್ಲಿ ಎಂಟು ಅಡ್ಡ, ಎಂಟು ಉದ್ದದ ಒಂದು ಅಚ್ಚು ಇತ್ತು. ಒಂದು ಸಾಲಿನಲ್ಲಿ 10101010, ಕೆಳಗಿನ ಸಾಲಿನಲ್ಲಿ 01010101, ಮತ್ತೆ ಮೊದಲಿನದು. ಚದುರಂಗದ ಮಣೆಯಂತೆ 64ರಲ್ಲಿ 32 ಕಪ್ಪು, 32 ಬಿಳಿ. ಇದಕ್ಕೆ ‘ಗ್ರೇ’ ಎಂದು ಹೆಸರಿಟ್ಟಿದ್ದರು. ಐಟಂನ ಹೆಸರನ್ನು ಮೊದಲು ಕಡುಕಪ್ಪಿನಲ್ಲಿ ಬರೆದು, ಮೇಲೆ ಈ ಅಚ್ಚನ್ನಿಟ್ಟು ಅರ್ಧದಷ್ಟು ಚುಕ್ಕೆಗಳನ್ನು ಕಿತ್ತುಹಾಕುವುದು. ಉಳಿದ ಚುಕ್ಕೆಗಳು ದೂರದ ಕಣ್ಣಿಗೆ ಬೂದಿಯಾಗಿ ಕಾಣುತ್ತವೆ; ಹತ್ತಿರ ಹೋದರೆ ಅಕ್ಷರದ ಮೈಯೆಲ್ಲ ತೂತು. ‘ಮಿನೂತುಸ್’ ಎಂಬುದಕ್ಕೆ ಇದಕ್ಕಿಂತ ಸರಿಯಾದ ಉದಾಹರಣೆ ಲ್ಯಾಟಿನ್ ಪಂಡಿತರಿಗೂ ಸಿಕ್ಕಲಾರದು. ಮೆನುವಿನ ಐಟಂ ಅಕ್ಷರಶಃ ಕುಗ್ಗಿಸಿದ್ದಾಯಿತು.

ಆ ಯಂತ್ರದಲ್ಲಿ ಈ ಕೆಲಸಕ್ಕೆ ‘ಎನೇಬಲ್ ಐಟಂ’, ‘ಡಿಸೇಬಲ್ ಐಟಂ’ ಎಂಬ ಎರಡು ಆದೇಶಗಳಿದ್ದವು. ಯಾವ ಮೆನು, ಎಷ್ಟನೇ ಐಟಂ ಎಂದು ಹೇಳಿದರೆ ಸಾಕು. ಐಟಂ ಸಂಖ್ಯೆ ಸೊನ್ನೆ ಎಂದರೆ ಇಡೀ ಮೆನುವೇ ಮಂಕು. ಒಂದು ಮೆನುವಿನ ಸ್ಥಿತಿಯನ್ನೆಲ್ಲ 32 ಬಿಟ್‌ಗಳ ಒಂದು ಸಂಖ್ಯೆಯಲ್ಲಿ ಇಡುತ್ತಿದ್ದರು. ಮೊದಲ ಬಿಟ್ ಇಡೀ ಮೆನುವಿಗೆ, ಉಳಿದ 31 ಬಿಟ್ ಐಟಂಗಳಿಗೆ. ಹೀಗಾಗಿ 32ನೇ ಐಟಂನಿಂದ ಮುಂದಿನವನ್ನು ಬಿಡಿಯಾಗಿ ಮಂಕಾಗಿಸಲು ಬರುತ್ತಲೇ ಇರಲಿಲ್ಲ. ಅಷ್ಟು ದೂರ ಬಂದವನನ್ನು ತಡೆಯುವ ಅಧಿಕಾರ ಯಂತ್ರಕ್ಕಿರಲಿಲ್ಲ.

1985ರ ನವೆಂಬರಿನಲ್ಲಿ ಬಂದ ವಿಂಡೋಸ್ ಮುಂದೆ ಇದಕ್ಕೆ ಇನ್ನೊಂದು ಪದರ ಕೊಟ್ಟಿತು. ಅದರ ಪ್ರೋಗ್ರಾಮರುಗಳ ಕೈಪಿಡಿಯಲ್ಲಿ ಐಟಂಗೆ ಮೂರು ಸ್ಥಿತಿ: ಸೊನ್ನೆ ಎಂದರೆ ಎನೇಬಲ್, ಒಂದು ಎಂದರೆ ಗ್ರೇ, ಎರಡು ಎಂದರೆ ಡಿಸೇಬಲ್. ಗ್ರೇ ಆದದ್ದು ಒತ್ತಲು ಬರುವುದಿಲ್ಲ, ಮಂಕಾಗಿಯೂ ಕಾಣುತ್ತದೆ. ಬರೀ ಡಿಸೇಬಲ್ ಆದದ್ದು ಒತ್ತಲು ಬರುವುದಿಲ್ಲ, ಆದರೆ ಮಂಕಾಗಿ ಕಾಣುವುದಿಲ್ಲ ಎಂದು ಅಲ್ಲಿ ಬರೆದಿದೆ. ಮೈಕೈ ಗಟ್ಟಿಮುಟ್ಟಾಗಿ ಕಾಣುತ್ತ ಕೆಲಸ ಮಾತ್ರ ಮಾಡದ ಈ ಸ್ಥಿತಿಯನ್ನು ಯಾರಿಗಾಗಿ ಇಟ್ಟರೋ. ವಿಂಡೋಸ್ 95ರ ಹೊತ್ತಿಗೆ ಮಂಕು ಅಕ್ಷರದ ಪಕ್ಕ ಒಂದು ಚುಕ್ಕೆ ಕೆಳಗೆ, ಒಂದು ಚುಕ್ಕೆ ಬಲಕ್ಕೆ ಬಿಳಿಯ ನೆರಳು ಬಂತು. ಕಲ್ಲಿನಲ್ಲಿ ಕೊರೆದಂತೆ ಕಾಣುತ್ತಿತ್ತು. ಶಾಶ್ವತವಾಗಿ ಇಲ್ಲ ಎನ್ನುವ ಶಾಸನದ ಗಾಂಭೀರ್ಯ ಅದಕ್ಕೆ.

ಆದರೆ ಅದು ಶಾಶ್ವತವಲ್ಲ, ಗಳಿಗೆಗೊಮ್ಮೆ ಬದಲಾಗುವಂಥದ್ದು. ಕಷ್ಟ ಇರುವುದೂ ಅಲ್ಲೇ. ಪತ್ರ ಬರೆಯುವ ಒಂದು ಸಾದಾ ಪ್ರೋಗ್ರಾಂ ತೆಗೆದುಕೊಳ್ಳಿ. ಕಟ್, ಕಾಪಿ ಜೀವಂತವಾಗಿರಬೇಕಾದರೆ ಬರಹದಲ್ಲಿ ಏನಾದರೂ ಆಯ್ಕೆಯಾಗಿರಬೇಕು. ಸೇವ್ ಜೀವಂತವಾಗಿರಬೇಕಾದರೆ ಹಿಂದಿನ ಸಲ ಉಳಿಸಿದ ಮೇಲೆ ಒಂದಕ್ಷರವಾದರೂ ಬದಲಾಗಿರಬೇಕು. ಆಯ್ಕೆ ಎಂಬುದು ಮೌಸಿನಿಂದ ಆಗುತ್ತದೆ, ಶಿಫ್ಟ್ ಒತ್ತಿ ಬಾಣದ ಕೀಲಿಯಿಂದ ಆಗುತ್ತದೆ, ಸೆಲೆಕ್ಟ್ ಆಲ್‌ನಿಂದ ಆಗುತ್ತದೆ, ಹುಡುಕಿದ ಪದ ಸಿಕ್ಕಾಗ ತಾನಾಗಿಯೇ ಆಗುತ್ತದೆ. ಈ ಎಲ್ಲ ಜಾಗಗಳಲ್ಲೂ ‘ಈಗ ಕಾಪಿಯನ್ನು ಎಬ್ಬಿಸು’ ಎಂದು ಬರೆಯಲು ಹೊರಟರೆ ಒಂದಲ್ಲ ಒಂದು ಕಡೆ ಮರೆಯುವುದು ಖಂಡಿತ. ಪೇಸ್ಟ್‌ನದು ಇನ್ನೂ ಕಷ್ಟ. ಅದರ ಅದೃಷ್ಟ ನಿಮ್ಮ ಪ್ರೋಗ್ರಾಮಿನ ಕೈಯಲ್ಲೇ ಇಲ್ಲ: ಬೇರೆ ಯಾವುದೋ ಕಿಟಕಿಯಲ್ಲಿ ಯಾರೋ ಏನನ್ನೋ ಕಾಪಿ ಮಾಡಿದ ಕ್ಷಣ ನಿಮ್ಮ ಪೇಸ್ಟ್ ಎದ್ದು ಕೂರಬೇಕು.

ಇದಕ್ಕೆ ಕಂಡುಕೊಂಡ ಉಪಾಯ ಸೋಮಾರಿತನದ್ದು, ಆದ್ದರಿಂದಲೇ ಜಾಣತನದ್ದು. ಮೆನು ಮುಚ್ಚಿರುವಾಗ ಐಟಂ ಮಂಕೋ ಚುರುಕೋ ಯಾರಿಗೂ ಕಾಣದು. ತೆರೆಯುವ ಮುನ್ನ ಒಮ್ಮೆ ನೋಡಿಕೊಂಡರೆ ಸಾಕು. ವಿಂಡೋಸ್ ಮೆನುವನ್ನು ಇಳಿಸುವ ಮೊದಲು ಪ್ರೋಗ್ರಾಮಿಗೆ ಒಂದು ಸಂದೇಶ ಕಳಿಸುತ್ತದೆ: ಇಳಿಸುತ್ತಿದ್ದೇನೆ, ಏನಾದರೂ ಸರಿಮಾಡುವುದಿದ್ದರೆ ಈಗಲೇ ಮಾಡು. ವಿಷುವಲ್ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಎಡಿಟ್ ಮೆನುವಿನ ಕ್ಲಿಕ್ ಎಂಬ ಘಟನೆಯಲ್ಲಿ ಒಂದೇ ಸಾಲು ಬರೆಯುತ್ತಿದ್ದರು: ಕ್ಲಿಪ್‌ಬೋರ್ಡಿನಲ್ಲಿ, ಅಂದರೆ ಕಾಪಿ ಮಾಡಿದ್ದು ಕೂತಿರುವ ಜಾಗದಲ್ಲಿ, ಪಠ್ಯ ಇದೆಯೇ ಎಂಬ ಪ್ರಶ್ನೆಗೆ ಬಂದ ಉತ್ತರ ಹೌದೋ ಅಲ್ಲವೋ, ಅದನ್ನೇ ನೇರ ಪೇಸ್ಟ್ ಐಟಂನ ‘ಎನೇಬಲ್ಡ್’ ಗುಣಕ್ಕೆ ಕೊಡುವುದು. ಆ ಐಟಂಗಳ ಹೆಸರಿನ ಮುಂದೆ ‘ಎಂ, ಎನ್, ಯು’ ಎಂಬ ಮೂರಕ್ಷರ ಹಚ್ಚುವ ರೂಢಿಯೂ ಇತ್ತು. ‘ಮೆನು’ವಿನಿಂದ ಒಂದು ಅಕ್ಷರ ಮತ್ತೂ ಉದುರಿ ಪದ ಇನ್ನಷ್ಟು ಕುಗ್ಗಿತ್ತು! ಮ್ಯಾಕಿಗೆ ಪ್ರೋಗ್ರಾಂ ಬರೆಯುವ ಕೊಕೋವಾ ಎಂಬ ಚೌಕಟ್ಟಿನಲ್ಲಿ ಯಂತ್ರವೇ ಕೇಳುತ್ತದೆ: ಈ ಆದೇಶವನ್ನು ಕೇಳಿಸಿಕೊಳ್ಳುವವರು ಈಗ ಯಾರಾದರೂ ಇದ್ದೀರಾ? ಯಾರೂ ಓಗೊಡದಿದ್ದರೆ ಐಟಂ ತಾನಾಗಿ ಮಂಕಾಗುತ್ತದೆ. ಟೂಲ್‌ಬಾರಿನ ಗುಂಡಿಗಳಿಗೆ ಈ ಸೋಮಾರಿತನ ನಡೆಯುವುದಿಲ್ಲ, ಅವು ಯಾವಾಗಲೂ ಕಣ್ಣೆದುರಿಗೇ ಇರುತ್ತವೆ. ವಿಂಡೋಸಿಗೆ ಪ್ರೋಗ್ರಾಂ ಬರೆಯಲು ಮೈಕ್ರೋಸಾಫ್ಟ್ ಕೊಟ್ಟ ಎಂಎಫ್‌ಸಿ ಎಂಬ ಚೌಕಟ್ಟಿನಲ್ಲಿ ಪ್ರೋಗ್ರಾಂ ಬಿಡುವಾಗಿರುವ ಹೊತ್ತಿನಲ್ಲಿ ಅವುಗಳ ಯೋಗಕ್ಷೇಮ ವಿಚಾರಿಸುವ ಏರ್ಪಾಡಿತ್ತು.

ಇನ್ನು ‘ಡಿಸೇಬಲ್’. ಅದರೊಳಗಿನ ‘ಏಬಲ್’ ಲ್ಯಾಟಿನ್ನಿನ ‘ಹಾಬಿಲಿಸ್’ನಿಂದ ಬಂದದ್ದು; ಸುಲಭವಾಗಿ ಹಿಡಿಯಲು ಬರುವಂಥದ್ದು, ಕೈಗೆ ಒದಗುವಂಥದ್ದು ಎಂದರ್ಥ. ಕನ್ನಡದ ‘ಕೈಗೆ ಸಿಗು’ ಎಂಬ ನುಡಿಗಟ್ಟಿಗೆ ತೀರ ಹತ್ತಿರ. ನಮ್ಮ ಅನುವಾದಕರು ಇದನ್ನು ‘ಸಕ್ರಿಯಗೊಳಿಸು’, ‘ನಿಷ್ಕ್ರಿಯಗೊಳಿಸು’ ಎಂದು ಮಾಡಿಟ್ಟಿದ್ದಾರೆ. ಬಾಂಬನ್ನು ನಿಷ್ಕ್ರಿಯಗೊಳಿಸುವುದು ಸರಿ. ಪೇಸ್ಟನ್ನು ನಿಷ್ಕ್ರಿಯಗೊಳಿಸಲು ಅಷ್ಟು ಸಂಸ್ಕೃತ ಬೇಕೇ? ಮನುಷ್ಯರಿಗೂ ಅನ್ವಯಿಸುವ ಪದವಾದ್ದರಿಂದ ಇಂಗ್ಲಿಷಿನಲ್ಲೂ ಈಗ ಅದರ ಬಗ್ಗೆ ಮುಜುಗರವಿದೆ. ‘ಅನವೈಲಬಲ್’, ದೊರೆಯದು ಎನ್ನಿ ಎಂದು ಮೈಕ್ರೋಸಾಫ್ಟಿನ ಬರವಣಿಗೆ ಕೈಪಿಡಿ ಹೇಳುತ್ತದೆ. ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳುವ ತಂತ್ರಾಂಶಗಳಲ್ಲಿ ಎನ್‌ವಿಡಿಎ ‘ಅನವೈಲಬಲ್’ ಎನ್ನುತ್ತದೆ. ಆ್ಯಪಲ್ಲಿನ ವಾಯ್ಸ್‌ಓವರ್ ‘ಡಿಮ್ಡ್’, ಮಂಕಾಗಿದೆ ಎನ್ನುತ್ತದೆ. ನೋಡಲಾರದವರಿಗೆ ಮಂಕು ಎಂದು ಹೇಳುವುದು ಎಂಥ ಸಮಾಧಾನವೋ.

2008ರಲ್ಲಿ ತಂತ್ರಾಂಶ ಲೇಖಕ ಜೋಯಲ್ ಸ್ಪೋಲ್ಸ್ಕಿ ಒಂದು ತಕರಾರು ತೆಗೆದರು: ಐಟಂಗಳನ್ನು ಬಚ್ಚಿಡಬೇಡಿ, ಮಂಕಾಗಿಸಲೂ ಬೇಡಿ, ಒತ್ತಲು ಬಿಡಿ, ಒತ್ತಿದ ಮೇಲೆ ಯಾಕೆ ಆಗುವುದಿಲ್ಲ ಎಂದು ಹೇಳಿ. ವಾದ ಸರಿಯಾಗಿ ಅರ್ಥವಾಗಬೇಕಾದರೆ ಆಗ ನೆನಪಿಟ್ಟುಕೊಳ್ಳಿ ಎಂದ ಪ್ರಯೋಗಾಲಯದ ಬಡ ಮೆನುವನ್ನು ನೋಡಿ. ಅದು ಮೊದಲಿನಿಂದಲೂ ಮಾಡುತ್ತಿರುವುದು ಇದನ್ನೇ. ಎದುರು ವಾದಕ್ಕೂ ತೂಕವಿದೆ. ಸಿಗದ್ದನ್ನು ಸಿಗುವಂತೆ ತೋರಿಸಿ ಒತ್ತಿದ ಮೇಲೆ ಇಲ್ಲ ಎನ್ನುವುದು ಆಸೆ ತೋರಿಸಿ ಕೈಕೊಟ್ಟಂತೆ; ಹತ್ತು ಐಟಂಗಳಲ್ಲಿ ಈಗ ಏನು ಸಾಧ್ಯ ಎಂಬುದನ್ನು ಮಂಕು ಅಕ್ಷರಗಳು ಒಂದೇ ನೋಟದಲ್ಲಿ ಹೇಳುತ್ತವೆ. ಬಚ್ಚಿಡುವುದು ಮಾತ್ರ ಯಾವ ದೃಷ್ಟಿಯಿಂದಲೂ ತಪ್ಪು. ಆಫೀಸ್ 2000ದಲ್ಲಿ ಹೆಚ್ಚು ಬಳಸದ ಐಟಂಗಳನ್ನು ಮೆನುವೇ ಮುಚ್ಚಿಡುತ್ತಿತ್ತು. ನಿನ್ನೆ ಇದ್ದದ್ದು ಇವತ್ತು ಇಲ್ಲ, ತುದಿಯ ಬಾಣದ ಗುರುತು ಒತ್ತಿದರೆ ಉಂಟು. ಕೈಗೆ ಜಾಗದ ನೆನಪಿರುತ್ತದೆ, ಅದನ್ನು ಕೆಡಿಸಿದರೆ ಮನುಷ್ಯ ಪ್ರತಿ ಸಲವೂ ಹೊಸಬನಾಗುತ್ತಾನೆ. ಆಫೀಸ್ 2007ರಲ್ಲಿ ಮೈಕ್ರೋಸಾಫ್ಟ್ ಆ ಮೆನುಗಳನ್ನೇ ತೆಗೆದು ರಿಬ್ಬನ್ ತಂದಿತು.

ನನ್ನ ತಕರಾರು ಬೇರೆ, ಅದು ಕನ್ನಡ ಬಲ್ಲವರಿಗೆ ಬೇಗ ತಿಳಿಯುತ್ತದೆ. ಇಲ್ಲ ಎನ್ನುವುದಕ್ಕೆ ನಮ್ಮಲ್ಲಿ ಒಂದೇ ಪದವಿಲ್ಲ. ಆಗದು, ಕೂಡದು, ಬೇಡ, ಇಲ್ಲ, ಬಾರದು ಎಲ್ಲಕ್ಕೂ ಬೇರೆ ಬೇರೆ ಜಾಗ. ‘ಹೋಗಲಾಗದು’ ಎಂದರೆ ದಾರಿಯಿಲ್ಲ, ‘ಹೋಗಕೂಡದು’ ಎಂದರೆ ಅಪ್ಪಣೆಯಿಲ್ಲ. ಯಾವ ಮಗುವೂ ಇವನ್ನು ಅದಲುಬದಲು ಮಾಡುವುದಿಲ್ಲ. ಮಂಕು ಐಟಂ ಮಾತ್ರ ಎಲ್ಲವನ್ನೂ ಒಂದೇ ಬೂದಿಯಲ್ಲಿ ಅದ್ದಿ ತೆಗೆಯುತ್ತದೆ. ಏನೂ ಆಯ್ಕೆಯಾಗದೆ ಕಾಪಿ ಮಂಕಾಗಿದ್ದರೆ ಅದು ‘ಆಗದು’. ಕಡತ ಓದಲು ಮಾತ್ರ ಎಂದಿದ್ದು ಸೇವ್ ಮಂಕಾಗಿದ್ದರೆ ಅದು ‘ಕೂಡದು’. ಕ್ಲಿಪ್‌ಬೋರ್ಡ್ ಬರಿದಾಗಿ ಪೇಸ್ಟ್ ಮಂಕಾಗಿದ್ದರೆ ಅದು ‘ಇಲ್ಲ’. ಮುದ್ರಣ ನಡೆಯುತ್ತಿರುವಾಗ ಪ್ರಿಂಟ್ ಮಂಕಾಗಿದ್ದರೆ ಅದು ‘ಈಗ ಬೇಡ’. ದುಡ್ಡು ಕೊಟ್ಟು ಕೊಂಡ ಆವೃತ್ತಿಯಲ್ಲಿ ಮಾತ್ರ ಏಳುವ ಐಟಂಗಳೂ ಇರುತ್ತವೆ. ಅವಕ್ಕೆ ಸರಿಯಾದ ಕನ್ನಡ ‘ದುಡ್ಡು ಕೊಟ್ಟರೆ ಉಂಟು’. ಅಂಗಡಿಯ ಹುಡುಗ ‘ಬರ್ತಿಲ್ಲ’ ಎಂದಷ್ಟೇ ಹೇಳುವುದಕ್ಕೆ ಕಾರಣ ಅವನ ಕನ್ನಡದ ಬಡತನವಲ್ಲ. ಪರದೆ ಅವನಿಗೆ ತೋರಿಸಿದ್ದೇ ಅಷ್ಟು.

ಇದನ್ನು ಸರಿಮಾಡಲು ಹೊಸ ಯಂತ್ರವೇನೂ ಬೇಕಾಗಿಲ್ಲ. ಐಟಂನ ಸ್ಥಿತಿ ಬದಲಿಸುವ ಗಳಿಗೆಯಲ್ಲೇ ಅದರ ಹೆಸರನ್ನೂ ಬದಲಿಸಬಹುದು. ವರ್ಡ್‌ನಲ್ಲಿ ಹಿಂದೆಗೆಯಲು ಏನೂ ಇಲ್ಲದಾಗ ‘ಅನ್‌ಡೂ’ ಇದ್ದ ಜಾಗದಲ್ಲಿ ‘ಕಾಂಟ್ ಅನ್‌ಡೂ’ ಎಂದು ಮಂಕಾಗಿ ಕಾಣುತ್ತಿತ್ತು. ಇಂಗ್ಲಿಷಿಗೆ ಅದಕ್ಕೆಂದು ಇನ್ನೊಂದು ಪದ ಸೇರಿಸಬೇಕು. ಕನ್ನಡಕ್ಕೆ ಹೆಚ್ಚಿನ ಕಡೆ ಕ್ರಿಯಾಪದದ ಬಾಲ ಬದಲಿಸಿದರೆ ಸಾಕು. ಅಂಟಿಸು ಎಂಬಲ್ಲಿ ‘ಅಂಟಿಸಲು ಏನೂ ಇಲ್ಲ’. ಉಳಿಸು ಎಂಬಲ್ಲಿ, ಬದಲಾವಣೆ ಇಲ್ಲದಿದ್ದರೆ ‘ಉಳಿಸಿಯಾಗಿದೆ’, ಅಪ್ಪಣೆ ಇಲ್ಲದಿದ್ದರೆ ‘ಉಳಿಸಕೂಡದು’. ಮೆನುವಿನ ಅಗಲಕ್ಕೆ ಇವೆಲ್ಲ ಹಿಡಿಸುತ್ತವೆ. ಯಾವ ಬಿಟ್ ಒಂದಾದರೆ ಯಾವ ಬಾಲ ಎಂದು ಗೊತ್ತುಮಾಡುವುದು ಪ್ರೋಗ್ರಾಂ ಬರೆಯುವವರ ಕೆಲಸ. ಇಂಗ್ಲಿಷಿನ ‘ಪೇಸ್ಟ್’ ಎಂಬ ಒಂದೇ ಪದವನ್ನು ಕಳಿಸಿ ಅದರ ಕನ್ನಡ ಮಾಡಿಕೊಡಿ ಎಂದರೆ ಅನುವಾದಕರು ‘ಅಂಟಿಸು’ ಎಂದಷ್ಟೇ ಬರೆದು ಕಳಿಸುತ್ತಾರೆ, ಮಿಕ್ಕ ಬಾಲಗಳಿಗೆ ಆ ಕಡತದಲ್ಲಿ ಸಾಲೇ ಇರುವುದಿಲ್ಲ.